ಶೇಕಡಾ ಎಷ್ಟು ಅನ್ನುವುದಕ್ಕಿಂತ ಮೊದಲು, ಯಾವುದರ ಶೇಕಡಾ?

ಎಲ್ಲರಿಗೂ ನಮಸ್ಕಾರ. ನನ್ನ ಮುಂದೆ ಮೇಜಿನ ಮೇಲೆ, ಸಣ್ಣ ಸುಕ್ಕು, ಕಲೆಗೆಂದು ಮುಖಕ್ಕೆ ಹಚ್ಚುವ ಎರಡು ಸೀರಂ ಇಟ್ಟಿದ್ದೇನೆ. ಒಂದು ಗಾಜಿನ ಬಾಟಲಿ. ಮೇಲೆ ಡ್ರಾಪರ್ ಇದೆ, ಒಳಗಿನ ಹಳದಿ ದ್ರವ ಹೊರಗಿನಿಂದಲೇ ಕಾಣುತ್ತದೆ. ಅದರ ಮೇಲೆ ದಪ್ಪ ಅಕ್ಷರದಲ್ಲಿ 'ಶೇ 2 ರೆಟಿನಾಯ್ಡ್ ಕಾಂಪ್ಲೆಕ್ಸ್' ಎಂದಿದೆ. ಇನ್ನೊಂದು ಅಲ್ಯೂಮಿನಿಯಂ ಟ್ಯೂಬ್. ನೋಡಲು ತೀರಾ ಸಾಧಾರಣ. ಅದರ ಮೇಲೆ ಸಣ್ಣದಾಗಿ 'ರೆಟಿನಾಲ್ ಶೇ 0.3' ಎಂದು ಬರೆದಿದ್ದಾರೆ. ಇವೆರಡರಲ್ಲಿ ಯಾವುದು ಜಾಸ್ತಿ ಸ್ಟ್ರಾಂಗ್ ಅಂತ ಕೇಳಿದಾಗ ನಿಮ್ಮಲ್ಲಿ ಹೆಚ್ಚಿನವರು ಗಾಜಿನ ಬಾಟಲಿ ಅಂದಿರಿ. ಅದು ಸಹಜ. 0.3ಕ್ಕಿಂತ 2 ದೊಡ್ಡದು, ಅಲ್ವಾ? ಆದರೆ ಈ ಎರಡು ಸಂಖ್ಯೆಗಳು ಅಳೆಯುತ್ತಿರುವುದು ಎರಡು ಬೇರೆ ಬೇರೆ ವಸ್ತುಗಳನ್ನು. ನಾನು ಫಾರ್ಮಸಿ ಓದಿದವಳು, ಅದನ್ನೇ ಪಾಠ ಮಾಡುವವಳು. ರೆಟಿನಾಲ್ ಕೊಳ್ಳುವವರು ಎಲ್ಲಕ್ಕಿಂತ ಹೆಚ್ಚು ಎಡವುವುದು ಇಲ್ಲೇ ಅನ್ನುವುದು ನನ್ನ ಅನಿಸಿಕೆ.

ಮೊದಲು ಚರ್ಮದ ಒಳಗೆ ಏನು ನಡೆಯುತ್ತದೆ ನೋಡೋಣ. ಅದು ಗೊತ್ತಾದರೆ ಲೇಬಲ್ ಓದುವುದು ಅರ್ಧ ಸುಲಭವಾಗುತ್ತದೆ.

ರೆಟಿನಾಲ್ ಅಂದರೆ ವಿಟಮಿನ್ ಎ. ಅದರ ಬಳಗದ ವಸ್ತುಗಳನ್ನೆಲ್ಲ ರೆಟಿನಾಯ್ಡ್ ಅನ್ನುತ್ತಾರೆ. ಆದರೆ ಹಚ್ಚಿದ ರೂಪದಲ್ಲೇ ಅದು ಕೆಲಸ ಮಾಡುವುದಿಲ್ಲ. ನಮ್ಮ ಜೀವಕೋಶಗಳ ಒಳಗೆ ವಿಟಮಿನ್ ಎಗೆ ಓಗೊಡುವ ಗ್ರಾಹಕಗಳಿವೆ. ಅವು ಗುರುತು ಹಿಡಿಯುವುದು ರೆಟಿನಾಯಿಕ್ ಆಮ್ಲವನ್ನು. ಹಾಗಾಗಿ ರೆಟಿನಾಲ್ ಮೊದಲು ರೆಟಿನಾಲ್ಡಿಹೈಡ್ ಆಗಬೇಕು, ಆಮೇಲೆ ಅದು ರೆಟಿನಾಯಿಕ್ ಆಮ್ಲ ಆಗಬೇಕು. ಮೊದಲ ಬದಲಾವಣೆ ನಿಧಾನ, ಹಿಂದಕ್ಕೂ ಮರಳಬಹುದು. ಎರಡನೆಯದು ಆಯಿತೆಂದರೆ ಆಯಿತು, ಮತ್ತೆ ಹಿಂದಕ್ಕೆ ಬರುವುದಿಲ್ಲ. ಸಾಲದ್ದಕ್ಕೆ, ಹಚ್ಚಿದ ರೆಟಿನಾಲ್‌ನಲ್ಲಿ ಒಂದಷ್ಟು ಪಾಲನ್ನು ಚರ್ಮ ಎಸ್ಟರ್, ಅಂದರೆ ಇನ್ನೊಂದು ಅಣು ಅಂಟಿಕೊಂಡ ರೂಪಕ್ಕೆ ತಿರುಗಿಸಿ ಕೂಡಿಟ್ಟುಕೊಳ್ಳುತ್ತದೆ. ಕೊನೆಗೆ ಕೆಲಸಕ್ಕೆ ಬರುವುದು ನಾವು ಹಚ್ಚಿದ್ದರಲ್ಲಿ ಚಿಕ್ಕ ಭಾಗ ಮಾತ್ರ.

ಈಗ ಅಂಗಡಿಯಲ್ಲಿ ಸಿಗುವ ಹೆಸರುಗಳನ್ನು ಈ ದಾರಿಯ ಮೇಲೆ ಇಟ್ಟು ನೋಡಿ. ಎಲ್ಲಕ್ಕಿಂತ ಹಿಂದೆ ಇರುವುದು ರೆಟಿನೈಲ್ ಪಾಲ್ಮಿಟೇಟ್, ರೆಟಿನೈಲ್ ಅಸಿಟೇಟ್‌ನಂಥ ಎಸ್ಟರ್‌ಗಳು. ಇವು ಮೊದಲು ರೆಟಿನಾಲ್ ಆಗಬೇಕು, ಆಮೇಲೆ ಉಳಿದ ಎರಡು ಹಂತ ದಾಟಬೇಕು. ತುಂಬ ಸೌಮ್ಯ, ಅಷ್ಟೇ ದುರ್ಬಲ. ಅದರ ಮುಂದೆ ರೆಟಿನಾಲ್. ಅದರ ಮುಂದೆ ರೆಟಿನಾಲ್ಡಿಹೈಡ್. ಇದನ್ನು ಲೇಬಲ್‌ನಲ್ಲಿ ರೆಟಿನಾಲ್ ಅಂತಲೂ ಓದಿಬಿಡಬಹುದು, ಏಕೆಂದರೆ ಇದಕ್ಕೆ ರೆಟಿನಲ್ ಎಂಬ ಹೆಸರೂ ಇದೆ. ಒಂದೇ ಅಕ್ಷರದ ವ್ಯತ್ಯಾಸ, ನಿಧಾನಕ್ಕೆ ಓದಿ. ರೆಟಿನಲ್‌ಗೆ ಒಂದೇ ಹಂತ ಬಾಕಿ, ಹಾಗಾಗಿ ಶೇ 0.05 ಅಥವಾ 0.1 ಇದ್ದರೂ ಅದು ಸುಮ್ನೆ ಕೂರುವ ವಸ್ತುವಲ್ಲ. ದಾರಿಯ ತುದಿಯಲ್ಲಿ ರೆಟಿನಾಯಿಕ್ ಆಮ್ಲ, ಅಂದರೆ ಟ್ರೆಟಿನಾಯಿನ್. ಅದು ಔಷಧ. ಡಾಕ್ಟರ ಚೀಟಿಯ ಮೇಲೆ ಕೊಳ್ಳಬೇಕಾದದ್ದು. ರೆಟಿನಾಲ್‌ನ ಬಲ ಟ್ರೆಟಿನಾಯಿನ್‌ಗಿಂತ 10ರಿಂದ 20 ಪಟ್ಟು ಕಡಿಮೆ ಎಂದು ಸ್ಥೂಲವಾಗಿ ಅಂದಾಜಿಸುತ್ತಾರೆ. ಹೀಗಿರುವಾಗ ಟ್ರೆಟಿನಾಯಿನ್‌ನ ಶೇ 0.05 ಮತ್ತು ರೆಟಿನಾಲ್‌ನ ಶೇ 0.05 ಒಂದೇ ಅಲ್ಲವೇ ಅಲ್ಲ. ಶೇ 1 ಪಾಲ್ಮಿಟೇಟ್ ಮತ್ತು ಶೇ 1 ರೆಟಿನಾಲ್ ಕೂಡ ಒಂದೇ ಅಲ್ಲ. ತೂಕದ ಲೆಕ್ಕದಲ್ಲೇ ನೋಡಿದರೂ, ಪಾಲ್ಮಿಟೇಟ್‌ನ ಅಣು ದೊಡ್ಡದು. ಅದರ ಶೇ 1ರಲ್ಲಿ ವಿಟಮಿನ್ ಎ ಇರುವುದು ಸುಮಾರು ಶೇ 0.55 ರೆಟಿನಾಲ್‌ಗೆ ಸಮ. ಉಳಿದದ್ದು ಅದಕ್ಕೆ ಅಂಟಿಕೊಂಡ ಕೊಬ್ಬಿನಾಮ್ಲದ ತೂಕ.

ಹಾಗಾದರೆ ಈ ಗಾಜಿನ ಬಾಟಲಿಯ 'ಶೇ 2' ಏನು? ಹಿಂಬದಿ ತಿರುಗಿಸಿ ಸಾಮಗ್ರಿಗಳ ಪಟ್ಟಿ ಓದುತ್ತೇನೆ. ಡೈಮಿಥೈಲ್ ಐಸೊಸಾರ್ಬೈಡ್, ಅದರ ಪಕ್ಕದಲ್ಲೇ ಹೈಡ್ರಾಕ್ಸಿಪಿನಾಕೊಲೋನ್ ರೆಟಿನೋಯೇಟ್. ಎರಡನೆಯ ಉದ್ದ ಹೆಸರು ರೆಟಿನಾಯಿಕ್ ಆಮ್ಲದ ಒಂದು ಎಸ್ಟರ್. ಅದನ್ನು ತಯಾರಿಸುವವರು ಶೇ 10ರಷ್ಟು ದ್ರಾವಣವಾಗಿ ಮಾರುತ್ತಾರೆ. ದ್ರಾವಕ ಅನ್ನುವುದು ಆ ಮೊದಲನೆಯ ಹೆಸರು. ಈ ದ್ರಾವಣವನ್ನು ಸೀರಂ ಕಂಪನಿ ಕೊಂಡು ನೂರಕ್ಕೆ ಎರಡು ಪಾಲು ಬೆರೆಸಿ, 'ಶೇ 2' ಎಂದು ಮುಂದೆ ಅಚ್ಚು ಹಾಕುತ್ತದೆ. ನಿಜವಾದ ವಸ್ತು ಇರುವುದು ಶೇ 0.2. ಶರಬತ್ತಿನ ಪಾಕ ಎರಡು ಚಮಚ ಹಾಕಿದವರು ಎರಡು ಚಮಚ ಸಕ್ಕರೆ ಹಾಕಿದೆ ಎಂದು ಹೇಳಿದ ಹಾಗೆ. ಸುಳ್ಳು ಹೇಳಿಲ್ಲ, ಕಾಂಪ್ಲೆಕ್ಸ್ ಶೇ 2 ಇರುವುದು ನಿಜ. ಆದರೆ ಓದುವವರಿಗೆ ಆ ವ್ಯತ್ಯಾಸ ತಿಳಿಯುವ ಹಾಗೆ ಬರೆದಿಲ್ಲ. ಇದು ನನಗೆ ಬೇಸರ ತರುವ ವಿಷಯ.

ರೆಟಿನಾಲ್‌ನಲ್ಲೂ ಇದೇ ಕಥೆ ಇದೆ. ಶುದ್ಧ ರೆಟಿನಾಲ್ ಬಹಳ ಬೇಗ ಕೆಡುವುದರಿಂದ ಕಾರ್ಖಾನೆಗಳು ಅದನ್ನು ಎಣ್ಣೆಯಲ್ಲೋ ಬೇರೆ ದ್ರವದಲ್ಲೋ ಕರಗಿಸಿ ಕೊಡುತ್ತವೆ. ಒಂದು ಕಚ್ಚಾ ಸರಕಿನಲ್ಲಿ ರೆಟಿನಾಲ್ ಶೇ 10 ಇದ್ದರೆ ಇನ್ನೊಂದರಲ್ಲಿ ಶೇ 50 ಇರಬಹುದು. ಸಣ್ಣ ಗುಳಿಗೆಯಂಥ ಕೋಶಗಳೊಳಗೆ ತುಂಬಿದ ರೆಟಿನಾಲ್ ಬಂದಾಗಲೂ ಹಾಗೆಯೇ. ಕೋಶದ ಗೋಡೆ, ಒಳಗಿನ ಎಣ್ಣೆ ಎಲ್ಲವನ್ನೂ ಸೇರಿಸಿ ಶೇಕಡಾ ಹೇಳಿದರೆ ಸಂಖ್ಯೆ ದೊಡ್ಡದಾಗುತ್ತದೆ. ಹಾಗಾಗಿ ಕಾಂಪ್ಲೆಕ್ಸ್, ಬ್ಲೆಂಡ್, ಸಿಸ್ಟಮ್, ಸಲ್ಯೂಷನ್ ಎಂಬ ಪದ ಶೇಕಡಾದ ಪಕ್ಕ ಕಂಡರೆ ಅಲ್ಲೇ ನಿಲ್ಲಿ. ಅದು ಮಿಶ್ರಣದ ಶೇಕಡಾ. 'ಶುದ್ಧ ರೆಟಿನಾಲ್ ಶೇ ಇಷ್ಟು' ಎಂದು ಕಂಪನಿ ಎಲ್ಲಾದರೂ ಬರೆದಿದೆಯೇ ನೋಡಿ. ಬರೆದಿಲ್ಲ ಅಂದರೆ ಕೇಳಿ ಬರೆಯಿರಿ. ಉತ್ತರ ಕೊಡದ ಕಂಪನಿಯ ಸೀರಂ ಬಿಡುವುದೇ ಒಳ್ಳೆಯದು ಅಂತ ನಾನು ಹೇಳುತ್ತೇನೆ.

ಪಟ್ಟಿಯಲ್ಲಿ ರೆಟಿನಾಲ್ ಎಷ್ಟನೆಯ ಸ್ಥಾನದಲ್ಲಿದೆ ಎಂದು ನೋಡಿ ಬಲ ಊಹಿಸುವವರಿದ್ದಾರೆ. ಅದು ಕೆಲಸಕ್ಕೆ ಬಾರದು. ಸಾಮಗ್ರಿಗಳನ್ನು ಪ್ರಮಾಣದ ಇಳಿಕೆ ಕ್ರಮದಲ್ಲಿ ಬರೆಯಬೇಕು ಎಂಬ ನಿಯಮ ಹಲವು ದೇಶಗಳಲ್ಲಿ ಇದೆ, ಆದರೆ ಶೇ 1ಕ್ಕಿಂತ ಕಡಿಮೆ ಇರುವ ವಸ್ತುಗಳನ್ನು ಯಾವ ಕ್ರಮದಲ್ಲಾದರೂ ಬರೆಯಬಹುದು. ರೆಟಿನಾಲ್ ಸಾಮಾನ್ಯವಾಗಿ ಶೇ 1ಕ್ಕಿಂತ ಕಡಿಮೆಯೇ ಇರುತ್ತದೆ. ಸುವಾಸನೆಗಿಂತ ಮೇಲೆ ಬರೆದಿದ್ದಾರೆ ಎಂದ ಮಾತ್ರಕ್ಕೆ ಜಾಸ್ತಿ ಇದೆ ಅಂತ ಅಲ್ಲ.

ಇಷ್ಟು ಕೇಳಿದ ಮೇಲೆ ನಿಮಗೆ ಅನಿಸಬಹುದು: ಸರಿ, ಶುದ್ಧ ರೆಟಿನಾಲ್ ಶೇ 1 ಎಂದು ಸ್ಪಷ್ಟವಾಗಿ ಬರೆದದ್ದನ್ನೇ ಹುಡುಕಿ ತಂದರೆ ಆಯಿತಲ್ಲ? ಇಲ್ಲಿ ಸ್ವಲ್ಪ ನಿಧಾನಿಸೋಣ. ಜಾಸ್ತಿ ಬಲ ಎಂದರೆ ಜಾಸ್ತಿ ಫಲ ಎಂಬ ನಂಬಿಕೆಯನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ.

ಟ್ರೆಟಿನಾಯಿನ್ ಮೊದಲು ಬಂದದ್ದು ಮೊಡವೆಯ ಔಷಧವಾಗಿ. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1971ರಲ್ಲಿ. ಅದರ ಹಿಂದೆ ಇದ್ದವರು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಲ್ಬರ್ಟ್ ಕ್ಲಿಗ್‌ಮನ್. ಮೊಡವೆಗೆ ಹಚ್ಚಿಕೊಂಡವರ ಸಣ್ಣ ಸುಕ್ಕುಗಳೂ ಕಡಿಮೆಯಾಗುತ್ತಿವೆ ಎಂಬುದು ಕಾಲಕ್ರಮೇಣ ಗಮನಕ್ಕೆ ಬಂತು. ಬಿಸಿಲಿಗೆ ಹಳತಾದ ಚರ್ಮದ ಮೇಲೆ ಅದರ ಪರಿಣಾಮವನ್ನು ಅವರು 1986ರಲ್ಲಿ ಪ್ರಕಟಿಸಿದರು. ಆಮೇಲೆ ಮಿಶಿಗನ್ ವಿಶ್ವವಿದ್ಯಾಲಯದ ತಂಡ ಈ ದಾರಿಯಲ್ಲಿ ಬಹಳ ಕೆಲಸ ಮಾಡಿತು. 1995ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ತುಂಬ ಮುಖ್ಯ ಅನಿಸುತ್ತದೆ. ಅದರಲ್ಲಿ ಕೆಲವರಿಗೆ ಶೇ 0.1 ಟ್ರೆಟಿನಾಯಿನ್, ಕೆಲವರಿಗೆ ಶೇ 0.025, ಉಳಿದವರಿಗೆ ಔಷಧವಿಲ್ಲದ ಕ್ರೀಮ್ ಕೊಟ್ಟು 48 ವಾರ ನೋಡಿದರು. ಒಂದಕ್ಕಿಂತ ಇನ್ನೊಂದು ನಾಲ್ಕು ಪಟ್ಟು ಬಲ. ಕೊನೆಗೆ ಚರ್ಮದ ಸುಧಾರಣೆ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ ಇತ್ತು. ಉರಿ, ಕೆಂಪು, ಸಿಪ್ಪೆ ಏಳುವುದು ಮಾತ್ರ ಬಲವಾದ ಕ್ರೀಮ್‌ನಲ್ಲಿ ಎದ್ದು ಕಾಣುವಷ್ಟು ಜಾಸ್ತಿ.

ಅದು ಔಷಧದ ಮಾತು, ರೆಟಿನಾಲ್‌ಗೆ ಏನು? ಅದಕ್ಕೂ ಮಿಶಿಗನ್‌ನಿಂದಲೇ ಒಂದು ಅಧ್ಯಯನವಿದೆ, 2007ರದ್ದು. 36 ಮಂದಿ ಹಿರಿಯರು, ಸರಾಸರಿ ವಯಸ್ಸು 87. ಅವರ ಒಂದು ತೋಳಿನ ಒಳಭಾಗಕ್ಕೆ ಶೇ 0.4 ರೆಟಿನಾಲ್ ಲೋಷನ್, ಇನ್ನೊಂದು ತೋಳಿಗೆ ರೆಟಿನಾಲ್ ಇಲ್ಲದ ಅದೇ ಲೋಷನ್. 24 ವಾರ. ವಾರಕ್ಕೆ ಹೆಚ್ಚೆಂದರೆ ಮೂರು ಸಲ. ರೆಟಿನಾಲ್ ಹಚ್ಚಿದ ತೋಳಿನಲ್ಲಿ ಸಣ್ಣ ಸುಕ್ಕುಗಳು ಕಡಿಮೆಯಾದವು, ಒಳಗೆ ಹೊಸ ಕೊಲಾಜನ್, ಅಂದರೆ ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಪ್ರೋಟೀನ್, ಕಟ್ಟುವ ಕೆಲಸವೂ ಹೆಚ್ಚಿತು. ಮೂರು ವಿಷಯ ಗಮನಿಸಿ. ಶೇ 1 ಬೇಕಾಗಲಿಲ್ಲ. ದಿನಾ ಹಚ್ಚಬೇಕಾಗಲಿಲ್ಲ. ಆದರೆ ಸುಮಾರು ಆರು ತಿಂಗಳು ಬಿಡದೆ ಹಚ್ಚಬೇಕಾಯಿತು.

ನನ್ನ ಮಟ್ಟಿಗೆ ರೆಟಿನಾಲ್ ಆಯ್ಕೆಯ ತಿರುಳು ಇಲ್ಲಿದೆ. ಆರು ತಿಂಗಳು ತಡೆದುಕೊಳ್ಳಬಲ್ಲ ಬಲ ಯಾವುದೋ ಅದೇ ನಿಮಗೆ ಸರಿಯಾದ ಬಲ. ಶೇ 1ರ ಸೀರಂ ತಂದು, ಎರಡು ವಾರ ಹಚ್ಚಿ, ಮುಖ ಉರಿದು, ಡ್ರಾಯರ್‌ಗೆ ಹಾಕಿದರೆ ಆ ಬಲದಿಂದ ಬಂದ ಲಾಭ ಏನೂ ಇಲ್ಲ.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಶೇ 0.3 ಅಂದರೆ ಒಂದು ಗ್ರಾಂ ಸೀರಂನಲ್ಲಿ 3 ಮಿಲಿಗ್ರಾಂ ರೆಟಿನಾಲ್. ಮುಖಕ್ಕೆ ಬಟಾಣಿ ಕಾಳಿನಷ್ಟು ಸಾಕು ಅನ್ನುತ್ತಾರಲ್ಲ, ಅದನ್ನು ಕಾಲು ಗ್ರಾಂ ಅಂತ ಇಟ್ಟುಕೊಳ್ಳಿ. ಒಂದು ರಾತ್ರಿಗೆ 0.75 ಮಿಲಿಗ್ರಾಂ. ದಿನಾ ಹಚ್ಚಿದರೆ ವಾರಕ್ಕೆ 5.25 ಮಿಲಿಗ್ರಾಂ. ಈಗ ಶೇ 1ರ ಸೀರಂ. ಅದೇ ಕಾಲು ಗ್ರಾಂನಲ್ಲಿ 2.5 ಮಿಲಿಗ್ರಾಂ. ವಾರಕ್ಕೆ ಎರಡು ಸಲ ಹಚ್ಚಿದರೆ 5 ಮಿಲಿಗ್ರಾಂ. ನೋಡಿ, ವಾರದ ಲೆಕ್ಕ ಹೆಚ್ಚುಕಮ್ಮಿ ಒಂದೇ! ಆದರೆ ಒಂದೇ ರಾತ್ರಿಯಲ್ಲಿ ಚರ್ಮ ತಡೆದುಕೊಳ್ಳಬೇಕಾದದ್ದು ಮೂರು ಪಟ್ಟಿಗಿಂತ ಜಾಸ್ತಿ. ಇನ್ನೊಂದು ಕಡೆಯಿಂದಲೂ ನೋಡಿ. ಶೇ 0.3 ಸೌಮ್ಯ ಅಂತ ಡ್ರಾಪರ್ ತುಂಬ ತೆಗೆದು ಅರ್ಧ ಗ್ರಾಂ ಹಚ್ಚಿದಿರಿ ಅನ್ನಿ. ಆಗ ನೀವು ಹಚ್ಚಿದ್ದು 1.5 ಮಿಲಿಗ್ರಾಂ, ಅಂದರೆ ಕಾಲು ಗ್ರಾಂ ಶೇ 0.5ರ ಸೀರಂನಲ್ಲಿ ಇರುವುದಕ್ಕಿಂತ ಹೆಚ್ಚು. ಬಾಟಲಿ ಮೇಲಿನ ಸಂಖ್ಯೆ ಒಂದು, ಬೆರಳ ತುದಿಯ ಪ್ರಮಾಣ ಒಂದು, ವಾರದ ರಾತ್ರಿಗಳು ಒಂದು. ಈ ಮೂರನ್ನೂ ಗುಣಿಸಿದರೆ ಮಾತ್ರ ನಿಮ್ಮ ಚರ್ಮಕ್ಕೆ ಸಿಗುವ ಡೋಸ್. ಕೊನೆಯ ಎರಡು ನಿಮ್ಮ ಕೈಯಲ್ಲೇ ಇವೆ.

ಇಲ್ಲಿ ಒಬ್ಬರು ಕೇಳಿದರು, "ಮೇಡಂ, ಯುರೋಪಿನಲ್ಲಿ ರೆಟಿನಾಲ್ ನಿಷೇಧ ಆಗಿದೆಯಂತೆ, ಹೌದಾ?" ನಿಷೇಧ ಆಗಿಲ್ಲ, ಮಿತಿ ಹಾಕಿದ್ದಾರೆ. ಯುರೋಪಿಯನ್ ಒಕ್ಕೂಟದ 2024ರ ನಿಯಮದ ಪ್ರಕಾರ ಮುಖಕ್ಕೆ ಹಚ್ಚುವ ಸೌಂದರ್ಯ ಸಾಧನಗಳಲ್ಲಿ ರೆಟಿನಾಲ್ ಶೇ 0.3ಕ್ಕಿಂತ ಜಾಸ್ತಿ ಇರಬಾರದು. ಮೈಗೆ ಹಚ್ಚುವ ಲೋಷನ್‌ಗಳಲ್ಲಿ ಮಿತಿ ಇನ್ನೂ ಕಡಿಮೆ, ಶೇ 0.05. ಪಾಲ್ಮಿಟೇಟ್, ಅಸಿಟೇಟ್ ಹಾಕಿದರೂ ಅವುಗಳನ್ನು ರೆಟಿನಾಲ್‌ಗೆ ಪರಿವರ್ತಿಸಿ ಲೆಕ್ಕ ಹಿಡಿಯಬೇಕು. ಹೊಸ ಉತ್ಪನ್ನಗಳಿಗೆ ಇದು 2025ರ ನವೆಂಬರ್ 1ರಿಂದ ಅನ್ವಯ. ಈಗಾಗಲೇ ಮಾರುಕಟ್ಟೆಯಲ್ಲಿ ಇರುವವುಗಳಿಗೆ 2027ರ ಮೇ 1ರವರೆಗೆ ಸಮಯ. ಕಾರಣ ಏನು ಗೊತ್ತಾ? ಶೇ 0.5 ಹಚ್ಚಿದರೆ ಮುಖ ಸುಟ್ಟುಹೋಗುತ್ತದೆ ಅಂತಲ್ಲ. ಊಟದಿಂದ, ವಿಟಮಿನ್ ಮಾತ್ರೆಗಳಿಂದ ಈಗಾಗಲೇ ಬರುವ ವಿಟಮಿನ್ ಎಗೆ ಇದೂ ಸೇರಿ ಒಟ್ಟು ಮೊತ್ತ ಮಿತಿ ಮೀರಬಾರದು ಎಂಬ ಕಾಳಜಿ. ಅದಕ್ಕೇ ಅಲ್ಲಿನ ಲೇಬಲ್‌ಗಳಲ್ಲಿ 'ಇದರಲ್ಲಿ ವಿಟಮಿನ್ ಎ ಇದೆ, ಬಳಸುವ ಮುನ್ನ ನಿಮ್ಮ ದಿನದ ಸೇವನೆಯನ್ನು ಗಮನಿಸಿ' ಎಂಬ ಅರ್ಥದ ಎಚ್ಚರಿಕೆ ಇರಬೇಕು. ನಿಯಮ ಯಾವ ದೇಶದ್ದೇ ಇರಲಿ, ಮೊದಲ ಸಲ ಕೊಳ್ಳುವವರಿಗೆ ಶೇ 0.3 ಎಂಬ ಗಡಿ ಒಳ್ಳೆಯ ಗುರುತು.

ಬಲದ ಮಾತು ಮುಗಿಯುವ ಮುನ್ನ ಪ್ಯಾಕಿಂಗ್ ಬಗ್ಗೆ ಹೇಳಲೇಬೇಕು. ಕಾರ್ಖಾನೆಯಲ್ಲಿ ಹಾಕಿದ ರೆಟಿನಾಲ್ ನಿಮ್ಮ ಬೆರಳಿಗೆ ಬರುವ ಹೊತ್ತಿಗೆ ಎಷ್ಟು ಉಳಿದಿದೆ ಎಂಬುದನ್ನು ಯಾವ ಲೇಬಲ್ಲೂ ಹೇಳುವುದಿಲ್ಲ. ರೆಟಿನಾಲ್‌ಗೆ ಬೆಳಕು ಆಗದು, ಗಾಳಿ ಆಗದು, ಬಿಸಿ ಆಗದು. ಇವು ಮೂರೂ ಅದನ್ನು ಒಡೆಯುತ್ತವೆ. ಈ ಡ್ರಾಪರ್ ಬಾಟಲಿಯನ್ನೇ ನೋಡಿ. ಮುಚ್ಚಳ ತಿರುಗಿಸಿದೆ, ಹೊಸ ಗಾಳಿ ಒಳಗೆ ಹೋಯಿತು. ರಬ್ಬರ್ ಒತ್ತಿ ಬಿಟ್ಟೆ, ಇನ್ನಷ್ಟು ಗಾಳಿ ದ್ರವಕ್ಕೆ ತಾಗಿತು. ಗಾಜು ಪಾರದರ್ಶಕವಾದ್ದರಿಂದ ಈ ಸಭಾಂಗಣದ ಬೆಳಕೆಲ್ಲ ಅದರ ಮೇಲೆ ಬೀಳುತ್ತಿದೆ. ಅಲ್ಯೂಮಿನಿಯಂ ಟ್ಯೂಬ್ ಹಾಗಲ್ಲ. ಒತ್ತಿದರೆ ಬಾಯಿಯಿಂದ ಸ್ವಲ್ಪ ಹೊರಗೆ ಬರುತ್ತದೆ, ಟ್ಯೂಬ್ ಒತ್ತಿದ ಆಕಾರದಲ್ಲೇ ಉಳಿಯುತ್ತದೆ, ಗಾಳಿಯನ್ನು ಒಳಗೆ ಎಳೆದುಕೊಳ್ಳುವುದಿಲ್ಲ. ಗಾಳಿ ಸೇರದ ಪಂಪ್ ಇರುವ, ಬೆಳಕು ಬಿಡದ ಬಾಟಲಿಗಳೂ ಒಳ್ಳೆಯವು. ಅಗಲ ಬಾಯಿಯ ಡಬ್ಬಿಯಲ್ಲಿ ರೆಟಿನಾಲ್ ಮಾರುವುದನ್ನು ಕಂಡರೆ ಮುಂದಕ್ಕೆ ನಡೆಯಿರಿ. ಸಾಮಗ್ರಿಗಳಲ್ಲಿ ಟೊಕೊಫೆರಾಲ್, ಅಂದರೆ ವಿಟಮಿನ್ ಇ, ಅಥವಾ ಬಿಎಚ್‌ಟಿ ಕಂಡರೆ ಹೆದರಬೇಡಿ. ರೆಟಿನಾಲ್ ಕೆಡದಂತೆ ಕಾಯುವುದು ಅವುಗಳ ಕೆಲಸ.

ಲೇಬಲ್‌ನಲ್ಲಿ ತೆರೆದ ಡಬ್ಬಿಯ ಸಣ್ಣ ಚಿತ್ರ, ಅದರೊಳಗೆ 6 ಅಥವಾ 12 ಎಂಬ ಅಂಕಿ ಇರುತ್ತದೆ. ತೆರೆದ ಮೇಲೆ ಇಷ್ಟು ತಿಂಗಳು ಬಳಸಬಹುದು ಎಂದು ಅರ್ಥ. ತೆರೆದ ದಿನವನ್ನು ಪೆನ್ನಿನಲ್ಲಿ ಟ್ಯೂಬ್ ಮೇಲೆಯೇ ಬರೆದಿಡಿ. ಬಚ್ಚಲುಮನೆಯ ಬಿಸಿ, ಹಬೆಯಿಂದ ದೂರ ಇಡಿ. ದೊಡ್ಡ ಬಾಟಲಿ ಅಗ್ಗ ಎನಿಸಿದರೂ ಚಿಕ್ಕದನ್ನೇ ಕೊಳ್ಳಿ. ಕಾಲು ಗ್ರಾಂ ಲೆಕ್ಕದಲ್ಲಿ 30 ಮಿಲಿಲೀಟರ್ ಬಾಟಲಿ 120 ರಾತ್ರಿಗೆ ಬರುತ್ತದೆ. ವಾರಕ್ಕೆ ಮೂರು ಸಲ ಅಂದರೆ ಒಂಬತ್ತು ತಿಂಗಳು! ಅಷ್ಟರಲ್ಲಿ ಒಳಗಿನ ರೆಟಿನಾಲ್ ಎಷ್ಟೋ ಕರಗಿಹೋಗಿರುತ್ತದೆ. ಆರಂಭದಲ್ಲಿದ್ದ ಬಣ್ಣಕ್ಕಿಂತ ದ್ರವ ಕಂದಾಗಿದ್ದರೆ, ವಾಸನೆ ಕಮಟಾಗಿದ್ದರೆ ಎಸೆಯಿರಿ.

ಇನ್ನು ಹಚ್ಚುವ ಕ್ರಮ. ರಾತ್ರಿ ಮುಖ ತೊಳೆದು, ಪೂರ್ತಿ ಒಣಗಿದ ಮೇಲೆ ಹಚ್ಚಿ. ಹಸಿ ಚರ್ಮ ಜಾಸ್ತಿ ಹೀರಿಕೊಳ್ಳುತ್ತದೆ, ಉರಿಯೂ ಜಾಸ್ತಿ. ಹಣೆ, ಎರಡು ಕೆನ್ನೆ, ಗಲ್ಲ ಎಂದು ಚುಕ್ಕೆ ಇಟ್ಟು ಹರಡಿ. ಕಣ್ಣಿನ ಅಂಚು, ಮೂಗಿನ ಪಕ್ಕದ ಮಡಿಕೆ, ತುಟಿಯ ಮೂಲೆ ಬಿಡಿ. ಅಲ್ಲಿ ಸೀರಂ ಶೇಖರವಾಗಿ ಮೊದಲು ಒಡೆಯುವುದು ಆ ಜಾಗಗಳೇ. ಮೇಲೆ ಮಾಯಿಶ್ಚರೈಸರ್. ತುಂಬ ಸೂಕ್ಷ್ಮ ಚರ್ಮದವರು ಮಾಯಿಶ್ಚರೈಸರ್, ರೆಟಿನಾಲ್, ಮತ್ತೆ ಮಾಯಿಶ್ಚರೈಸರ್ ಎಂದು ಹಚ್ಚಬಹುದು. ಮೊದಲ ಎರಡು ವಾರ ವಾರಕ್ಕೆ ಎರಡು ರಾತ್ರಿ. ಚರ್ಮ ಸುಮ್ಮನಿದ್ದರೆ ಮೂರು. ಮತ್ತೂ ಸುಮ್ಮನಿದ್ದರೆ ದಿನ ಬಿಟ್ಟು ದಿನ. ದಿನಾ ಹಚ್ಚಲೇಬೇಕು ಎಂಬ ಹಟ ಬೇಡ, ಆ ಹಿರಿಯರ ತೋಳನ್ನು ನೆನಪಿಸಿಕೊಳ್ಳಿ.

ಬೆಳಗ್ಗೆ ಸನ್‌ಸ್ಕ್ರೀನ್. ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಮೇಲೆ, ಯುವಿಎ ಮತ್ತು ಯುವಿಬಿ ಎಂಬ ಎರಡೂ ಬಗೆಯ ನೇರಳಾತೀತ ಕಿರಣಗಳನ್ನು ತಡೆಯುವಂಥದ್ದು. ಇದು ಐಚ್ಛಿಕ ಅಲ್ಲ. ಬಿಸಿಲಿನ ನೇರಳಾತೀತ ಕಿರಣ ಚರ್ಮದಲ್ಲಿ ಕೊಲಾಜನ್ ಕತ್ತರಿಸುವ ಕಿಣ್ವಗಳನ್ನು ಎಬ್ಬಿಸುತ್ತದೆ. ರಾತ್ರಿ ಕೊಲಾಜನ್ ಕಟ್ಟಲು ದುಡ್ಡು ಕೊಟ್ಟು, ಹಗಲು ಅದನ್ನು ಕತ್ತರಿಸಲು ಬಿಟ್ಟರೆ ಏನು ಬಂತು? ರೆಟಿನಾಲ್ ಕೊಳ್ಳಲೋ ಸನ್‌ಸ್ಕ್ರೀನ್ ಕೊಳ್ಳಲೋ ಎಂಬ ಪ್ರಶ್ನೆ ಬಂದರೆ ಕಣ್ಣು ಮುಚ್ಚಿ ಸನ್‌ಸ್ಕ್ರೀನ್ ಕೊಳ್ಳಿ.

ಶುರುವಿನ ಕೆಲವು ವಾರ ಸ್ವಲ್ಪ ಒಣಗುವುದು, ಅಲ್ಲಲ್ಲಿ ಸಿಪ್ಪೆ ಏಳುವುದು ಮಾಮೂಲು. ಚರ್ಮ ಒಗ್ಗಿಕೊಂಡ ಹಾಗೆ ಕಡಿಮೆಯಾಗುತ್ತದೆ. ಆದರೆ ಉರಿ ತಡೆದುಕೊಂಡಷ್ಟೂ ಒಳ್ಳೆಯದು ಎಂಬ ಮಾತು ಕೇಳಿದ್ದೀರಲ್ಲ, ಅದನ್ನು ದಯವಿಟ್ಟು ನಂಬಬೇಡಿ. ಕಂದು, ಕಪ್ಪು ಚರ್ಮದವರು ಇದನ್ನು ಇನ್ನೂ ಗಟ್ಟಿಯಾಗಿ ನೆನಪಿಡಬೇಕು. ಇಂಥ ಚರ್ಮದಲ್ಲಿ ಉರಿಯೂತ ಆದ ಜಾಗದಲ್ಲಿ ಕಪ್ಪು ಕಲೆ ಉಳಿಯುತ್ತದೆ, ಅದು ಹೋಗಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಕಲೆ ಹೋಗಲಿ ಅಂತ ಸ್ಟ್ರಾಂಗ್ ಸೀರಂ ತಂದು, ಅದರ ಉರಿಯಿಂದಲೇ ಹೊಸ ಕಲೆ ಮಾಡಿಕೊಂಡವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಮುಖ ತೊಳೆದಾಗ ಬರೀ ನೀರೇ ಚುರುಚುರು ಅಂದರೆ ಅದು ನಿಲ್ಲಿಸಬೇಕಾದ ಸೂಚನೆ. ಒಂದೆರಡು ವಾರ ಬರೀ ಮಾಯಿಶ್ಚರೈಸರ್, ಸನ್‌ಸ್ಕ್ರೀನ್. ಆಮೇಲೆ ಕಡಿಮೆ ಬಲದಿಂದ, ಕಡಿಮೆ ರಾತ್ರಿಗಳಿಂದ ಮತ್ತೆ ಶುರು.

ಇದೇ ಕಾರಣಕ್ಕೆ ರೆಟಿನಾಲ್ ಶುರು ಮಾಡುವ ತಿಂಗಳಲ್ಲಿ ಗ್ಲೈಕಾಲಿಕ್ ಆಮ್ಲ, ಸ್ಯಾಲಿಸಿಲಿಕ್ ಆಮ್ಲ, ಸ್ಕ್ರಬ್ ಬೇಡ. ಮೊಡವೆಗೆ ಬೆಂಜಾಯಿಲ್ ಪೆರಾಕ್ಸೈಡ್ ಹಚ್ಚುವವರು ಅದನ್ನು ಬೆಳಗ್ಗೆ ಇಟ್ಟುಕೊಳ್ಳಿ. ಎರಡೂ ಒಟ್ಟಿಗೆ ಸೇರಿದರೆ ರೆಟಿನಾಲ್ ಕೆಡುತ್ತದೆ, ಚರ್ಮವೂ ಒಣಗುತ್ತದೆ. ಚರ್ಮದ ತೇವ ಕಾಯುವ ನಯಾಸಿನಮೈಡ್, ಸೆರಮೈಡ್, ಗ್ಲಿಸರಿನ್ ಜತೆಗಿದ್ದರೆ ಒಳ್ಳೆಯದೇ. ಒಂದೇ ಬಲದ ಎರಡು ಸೀರಂಗಳಲ್ಲಿ ಇವು ಇರುವುದನ್ನು ಆರಿಸಿ.

"ಹಚ್ಚಿದ ಮೇಲೆ ಮೊಡವೆ ಜಾಸ್ತಿ ಆಯಿತು, ಒಳಗಿನ ಕೊಳೆ ಹೊರಗೆ ಬರುತ್ತಿದೆ ಅಂದರು, ನಿಜವೇ?" ಎಂದು ಒಬ್ಬ ಹುಡುಗಿ ಕೇಳಿದಳು. ಕೊಳೆ ಅಂತ ಏನೂ ಇಲ್ಲ. ಕಣ್ಣಿಗೆ ಕಾಣದಂತೆ ಒಳಗೆ ಕಟ್ಟಿಕೊಂಡ ಸಣ್ಣ ಮೊಡವೆಗಳು, ಚರ್ಮದ ಮೇಲ್ಪದರ ಬೇಗ ಬೇಗ ಹೊಸದಾಗುವಾಗ ಒಟ್ಟಿಗೆ ಮೇಲೆ ಬರಬಹುದು. ಅದು ನಿಮಗೆ ಮಾಮೂಲಾಗಿ ಮೊಡವೆ ಬರುವ ಜಾಗದಲ್ಲೇ ಬರಬೇಕು, ಒಂದೂವರೆ ತಿಂಗಳೊಳಗೆ ಇಳಿಯಬೇಕು. ಎಂದೂ ಮೊಡವೆ ಬರದ ಜಾಗದಲ್ಲಿ ಗುಳ್ಳೆ ಎದ್ದರೆ, ತುರಿಕೆ ಇದ್ದರೆ, ಆ ಸೀರಂ ನಿಮಗೆ ಆಗಿಬರುತ್ತಿಲ್ಲ. ಮೊಡವೆಯೇ ಮುಖ್ಯ ತೊಂದರೆ ಆದವರಿಗೆ ರೆಟಿನಾಲ್ ಸೀರಂ ಮೊದಲ ಆಯ್ಕೆ ಆಗಬೇಕಿಲ್ಲ. ಅಡಾಪಲೀನ್ ಎಂಬ ಔಷಧ ಅದಕ್ಕೆಂದೇ ಇದೆ. ಅದರ ಶೇ 0.1 ಜೆಲ್ ಅಮೆರಿಕದಲ್ಲಿ 2016ರಿಂದ ಚೀಟಿ ಇಲ್ಲದೆ ಸಿಗುತ್ತದೆ. ಬೇರೆ ಎಷ್ಟೋ ಕಡೆ ಚೀಟಿ ಬೇಕು. ಚರ್ಮದ ಡಾಕ್ಟರನ್ನು ಒಮ್ಮೆ ನೋಡುವುದು ನಾಲ್ಕು ಸೀರಂ ಕೊಂಡು ನೋಡುವುದಕ್ಕಿಂತ ಒಳ್ಳೆಯದು.

ಗಿಡದಿಂದ ಬಂದ ಬದಲಿ ಬೇಕು ಎನ್ನುವವರು ಬಾಕುಚಿಯಾಲ್ ಬಗ್ಗೆ ಕೇಳುತ್ತಾರೆ. ಅದು ಬಾವಂಚಿ ಗಿಡದಿಂದ ತೆಗೆಯುವ ವಸ್ತು. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 44 ಜನರಿಗೆ 12 ವಾರ ಕೊಟ್ಟು ನೋಡಿದರು. ಕೆಲವರಿಗೆ ಶೇ 0.5 ಬಾಕುಚಿಯಾಲ್ ದಿನಕ್ಕೆ ಎರಡು ಸಲ, ಕೆಲವರಿಗೆ ಶೇ 0.5 ರೆಟಿನಾಲ್ ದಿನಕ್ಕೆ ಒಂದು ಸಲ. ಸುಕ್ಕು, ಕಲೆ ಎರಡರಲ್ಲೂ ಫಲ ಹೋಲುವಂತಿತ್ತು, ಉರಿ ಮತ್ತು ಸಿಪ್ಪೆ ರೆಟಿನಾಲ್‌ನಲ್ಲಿ ಜಾಸ್ತಿ. ಆಶಾದಾಯಕ, ಆದರೆ 44 ಜನ ಅಂದರೆ ಸಣ್ಣ ಗುಂಪು. ರೆಟಿನಾಲ್‌ಗೆ ಇರುವಷ್ಟು ವರ್ಷಗಳ ಪುರಾವೆ ಇದಕ್ಕಿಲ್ಲ. ಒಂದು ಎಚ್ಚರಿಕೆ: ಬಾಕುಚಿಯಾಲ್ ಬದಲು ಬಾವಂಚಿ ಬೀಜದ ಎಣ್ಣೆಯನ್ನೇ ಮುಖಕ್ಕೆ ಹಚ್ಚಬೇಡಿ. ಅದರಲ್ಲಿ ಸೊರಾಲೆನ್ ಎಂಬ ವಸ್ತುಗಳಿವೆ. ಬಿಸಿಲು ತಾಗಿದರೆ ಚರ್ಮ ಸುಡುತ್ತದೆ.

ಗರ್ಭಿಣಿಯರು, ಮಗು ಬೇಕೆಂದು ಪ್ರಯತ್ನಿಸುತ್ತಿರುವವರು ರೆಟಿನಾಲ್ ಮಾತ್ರವಲ್ಲ, ಈ ಗುಂಪಿನ ಯಾವುದನ್ನೂ ಬಳಸಬೇಡಿ. ಇದೇ ಕುಟುಂಬದ ಐಸೊಟ್ರೆಟಿನಾಯಿನ್ ಮಾತ್ರೆ ಗರ್ಭದಲ್ಲಿರುವ ಮಗುವಿಗೆ ಗಂಭೀರ ಹಾನಿ ಮಾಡುತ್ತದೆ. ಚರ್ಮಕ್ಕೆ ಹಚ್ಚಿದ್ದರಿಂದ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಆದರೂ ಸುಕ್ಕಿಗೋಸ್ಕರ ಆ ಅಪಾಯ ತೆಗೆದುಕೊಳ್ಳಲು ಯಾವ ಕಾರಣವೂ ಇಲ್ಲ. ಗೊತ್ತಿಲ್ಲದೆ ಕೆಲವು ದಿನ ಹಚ್ಚಿದ್ದೀರಾ? ಗಾಬರಿ ಬೇಡ. ನಿಲ್ಲಿಸಿ, ನಿಮ್ಮ ಡಾಕ್ಟರಿಗೆ ತಿಳಿಸಿ. ಎದೆಹಾಲು ಕುಡಿಸುವವರೂ ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ. ಬಾಟಲಿ ಮೇಲೆ 'ನ್ಯಾಚುರಲ್ ವಿಟಮಿನ್ ಎ' ಎಂದಿದ್ದರೂ ಅದೂ ಇದೇ.

ಕೊನೆಯಲ್ಲಿ ಹಲವರು ಕೇಳಿದ್ದು, "ನೀವಾದರೆ ಯಾವುದು ಕೊಳ್ಳುತ್ತೀರಿ?" ಕಂಪನಿಯ ಹೆಸರು ಹೇಳುವುದಿಲ್ಲ, ಅಂಗಡಿಯಲ್ಲಿ ನಿಂತು ನಾನು ಹೇಗೆ ನೋಡುತ್ತೇನೆ ಅನ್ನುವುದನ್ನು ಹೇಳುತ್ತೇನೆ. ಮೊದಲು ವಸ್ತುವಿನ ಹೆಸರು: ರೆಟಿನಾಲ್, ರೆಟಿನಲ್ ಅಥವಾ ಬೇರೆ ಏನಾದರೂ. ಆಮೇಲೆ ಶೇಕಡಾ ಶುದ್ಧ ವಸ್ತುವಿನದೋ ಮಿಶ್ರಣದ್ದೋ. ಎಂದೂ ಹಚ್ಚದವರಿಗೆ ರೆಟಿನಾಲ್ ಶೇ 0.1ರಿಂದ 0.3ರೊಳಗೆ. ಕಣ್ಣಿನ ಸುತ್ತ ಒಣಗುವವರಿಗೆ, ಬೇಗ ಕೆಂಪಾಗುವವರಿಗೆ ಶೇ 0.1ರ ಕಡೆ. ಆಮೇಲೆ ಪ್ಯಾಕಿಂಗ್. ಬೆಳಕು, ಗಾಳಿ ಹೋಗದಂತಿದ್ದರೆ ಮಾತ್ರ ಬೆಲೆ ನೋಡುತ್ತೇನೆ. ಬೆಲೆ ಜಾಸ್ತಿ ಇದ್ದ ಮಾತ್ರಕ್ಕೆ ರೆಟಿನಾಲ್ ಜಾಸ್ತಿ ಇರುವುದಿಲ್ಲ. ಸುವಾಸನೆ ಹಾಕಿದ್ದನ್ನು ಬಿಡುತ್ತೇನೆ, ಉರಿಯುವ ಚರ್ಮಕ್ಕೆ ಅದು ಬೇಡದ ಹೊರೆ.

ಮೇಜಿನ ಮೇಲಿನ ಈ ಎರಡರಲ್ಲಿ ನಾನು ಟ್ಯೂಬ್ ಆರಿಸುತ್ತೇನೆ. ಗಾಜಿನ ಬಾಟಲಿಯ ವಸ್ತು ಕೆಟ್ಟದ್ದು ಅಂತಲ್ಲ. ಅದು ನೇರವಾಗಿ ಗ್ರಾಹಕಕ್ಕೆ ಅಂಟಬಲ್ಲದು, ಉರಿಯೂ ಕಡಿಮೆ ಅನ್ನುತ್ತಾರೆ. ಆದರೆ ದೀರ್ಘಕಾಲದ ಪುರಾವೆ ರೆಟಿನಾಲ್‌ಗೇ ಹೆಚ್ಚು. ಆ ಪಾರದರ್ಶಕ ಬಾಟಲಿಯೂ ನನಗೆ ಸರಿಬರುವುದಿಲ್ಲ.

ಬಲ ಹೆಚ್ಚಿಸುವುದು ಯಾವಾಗ? ಮೂರು ತಿಂಗಳಿಗೆ ಮೊದಲು ಆ ಯೋಚನೆಯೇ ಬೇಡ. ಚರ್ಮ ನಯವಾಗುವುದು ಒಂದೆರಡು ತಿಂಗಳಲ್ಲಿ ಗೊತ್ತಾಗಬಹುದು, ಸಣ್ಣ ಸುಕ್ಕು, ಕಲೆಗೆ ಮೂರರಿಂದ ಆರು ತಿಂಗಳು ಬೇಕು. ಆಳವಾದ ಮಡಿಕೆಗಳು, ಜೋಲು ಬಿದ್ದ ಚರ್ಮ ಯಾವ ಸೀರಂಗೂ ಬಗ್ಗುವುದಿಲ್ಲ. ಒಂದೇ ಬೆಳಕಿನಲ್ಲಿ, ಒಂದೇ ಜಾಗದಲ್ಲಿ ನಿಂತು ತಿಂಗಳಿಗೊಂದು ಫೋಟೊ ತೆಗೆದಿಡಿ. ಕನ್ನಡಿ ದಿನಾ ನೋಡುವವರಿಗೆ ಬದಲಾವಣೆ ಕಾಣುವುದಿಲ್ಲ. ಮೊದಲ ಟ್ಯೂಬ್ ಮುಗಿದಾಗ ಚರ್ಮ ಆರಾಮವಾಗಿದ್ದು, ಫೋಟೊದಲ್ಲಿ ಇನ್ನೂ ಸ್ವಲ್ಪ ಬೇಕು ಅನಿಸಿದರೆ ಒಂದು ಹಂತ ಮೇಲೆ ಹೋಗಿ, ಮತ್ತೆ ವಾರಕ್ಕೆ ಎರಡು ರಾತ್ರಿಯಿಂದ ಶುರು ಮಾಡಿ. ಫೋಟೊ ನೋಡಿ ಖುಷಿಯಾದರೆ ಅದೇ ಬಲದ ಇನ್ನೊಂದು ಟ್ಯೂಬ್ ತನ್ನಿ.